ಮೂವತ್ತೊಂದನೆಯ ಪ್ರತಿ

ಕರಾಕೋಲ್
೨೦೨೩, ಸೆಪ್ಟೆಂಬರ್ ೨೬, ಮಂಗಳವಾರ

ಪ್ರೀತಿಯ ಕಲ್‌ಬೂಬು ಅಕ್ಕನಿಗೆ ತಂಗಿ ಬೂರುಲ್ ಮಾಡುವ ಸಲಾಮುಗಳು.

ನೀನು, ಭಾವ, ಮಕ್ಕಳು, ಮಂದೆ, ಎಲ್ಲವೂ ಕ್ಷೇಮ ತಾನೇ? ನಾನು ಮೊಣಕಾಲೊಂದನ್ನು ಬಿಟ್ಟರೆ ಚೆನ್ನಾಗಿದ್ದೇನೆ. ನಿನ್ನ ಪತ್ರ ಬಂದು ಮೂರು ವಾರ ದಾಟಿತು. ಉತ್ತರ ಬರೆಯಲಿಲ್ಲ ಎಂದು ಬೈದುಕೊಂಡಿರುತ್ತೀಯ, ಬೈಯಬೇಕಾದ್ದೇ. ಫೋನ್ ಮಾಡಬಹುದಿತ್ತು. ಆದರೆ ತಲಾಸಿನ ನಿಮ್ಮ ಮನೆಯಲ್ಲಿ ಫೋನ್ ಬಂದರೆ ಸಾಕು, ನಿನ್ನ ಸೊಸೆ ಅದನ್ನು ಸ್ಪೀಕರಿಗೆ ಹಾಕಿ ಊಟಕ್ಕೆ ಹಾಸಿದ ಬಟ್ಟೆಯ ನಡುವೆ ಇಡುತ್ತಾಳೆ. ನಾನು ಹೇಳುವುದು ರೊಟ್ಟಿಯ ಜೊತೆ ಹಂಚಿ ತಿನ್ನುವಂಥದ್ದಲ್ಲ. ಅದಕ್ಕೇ ಕಾಗದ.

ತಡವಾಗಿದ್ದಕ್ಕೆ ನಿಜವಾದ ಕಾರಣ ಬೇರೆ. ನೀನು ಕೇಳಿದ್ದು ಒಂದೇ ಪ್ರಶ್ನೆ: "ಅಪ್ಪನ ಪುಸ್ತಕದಲ್ಲಿ ನಮ್ಮಿಬ್ಬರ ಹೆಸರು ಇದೆಯಾ?" ಅದಕ್ಕೆ ಉತ್ತರ ನನಗೂ ಗೊತ್ತಿರಲಿಲ್ಲ. ಮೊನ್ನೆ ಭಾನುವಾರ ಗೊತ್ತಾಯಿತು. ಎರಡು ದಿನ ಸಿಟ್ಟು ಆರಲಿ ಎಂದು ಕಾದೆ. ಆರಲಿಲ್ಲ. ಬಿಸಿಯಾಗಿಯೇ ಬಡಿಸುತ್ತಿದ್ದೇನೆ, ಬಾಯಿ ಸುಟ್ಟುಕೊಂಡರೆ ನನ್ನ ಮೇಲೆ ತಪ್ಪು ಹೊರಿಸಬೇಡ.

ಅಪ್ಪ ಮೂವತ್ತು ವರ್ಷ ಮಕ್ಕಳಿಗೆ ಭೂಗೋಳ ಹೇಳಿಕೊಟ್ಟು, ರಜೆ ಬಂದರೆ ಕುದುರೆ ಹತ್ತಿ ಕಣಿವೆ ಕಣಿವೆ ಅಲೆದು, ನಮ್ಮ ಕುಲದ ವಂಶಾವಳಿ ಬರೆದುಕೊಂಡು ಬಂದದ್ದು ನಿನಗೆ ಗೊತ್ತು. ಆ ವಂಶಾವಳಿ, ನಮ್ಮ ಸಂಜಿರಾ, ಎಂದರೆ ಗಂಡಸರ ಪಟ್ಟಿ. ಏಳು ತಲೆಮಾರಿನ ಅಪ್ಪಂದಿರ ಹೆಸರು ಬಾಯಿಪಾಠ ಹೇಳಲಾರದವನನ್ನು ನಮ್ಮವರು ಮನುಷ್ಯನೆಂದೇ ಲೆಕ್ಕಕ್ಕೆ ಹಿಡಿಯುವುದಿಲ್ಲ, ಆ ಏಳೂ ಅಪ್ಪಂದಿರನ್ನು ಹೆತ್ತ ತಾಯಂದಿರ ಹೆಸರು ಕೇಳಿದರೆ ಮಾತ್ರ ಒಬ್ಬನೂ ಬಾಯಿ ಬಿಡುವುದಿಲ್ಲ. ಆದರೆ ನಮ್ಮಪ್ಪ ಹಾಗಲ್ಲ. ನನ್ನನ್ನು ಗಂಡ ಬಿಟ್ಟು ರಷ್ಯಾದ ಕಜಾನಿಗೆ ಹೋದ ವರ್ಷ, ಎಲ್ಲರೆದುರು ಚಹಾದ ಬಟ್ಟಲು ಕೆಳಗಿಟ್ಟು ಹೇಳಿದ್ದರಲ್ಲ: "ನನ್ನ ಪಟ್ಟಿಯಲ್ಲಿ ನನ್ನ ಹೆಣ್ಮಕ್ಕಳೂ ಇರ್ತಾರೆ. ಯಾರು ಬಂದು ಕೇಳ್ತಾರೋ ಕೇಳ್ಲಿ, ನೋಡ್ಕೋತೀನಿ." ಆ ಒಂದು ಮಾತನ್ನು ನೆಚ್ಚಿಕೊಂಡು ನಾನು ಹದಿನೈದು ವರ್ಷ ಬಜಾರಿನಲ್ಲಿ ತಲೆ ಎತ್ತಿ ಓಡಾಡಿದ್ದೇನೆ ಅಕ್ಕಾ.

ಈಗ ಅಕ್ಟೋಬರ್ ಹದಿನಾಲ್ಕಕ್ಕೆ ಅಪ್ಪ ತೀರಿಕೊಂಡು ವರ್ಷದ ಆಶ್, ತಿಥಿಯ ಊಟ. ಕುಲದವರೆಲ್ಲ ಸೇರಿ ಕುದುರೆ ಕಡಿದು ಉಣ್ಣುವ ದಿನ ಎಲ್ಲರ ಕೈಗೂ ಅಪ್ಪನ ಪುಸ್ತಕ ಸಿಗಬೇಕೆಂದು ತಮ್ಮ ಎಸೆನ್ ಹೊರಟಿದ್ದಾನೆ. ಅಚ್ಚಿನ ಮನೆಯವರು ಸೋಮವಾರದೊಳಗೆ ಫೈಲು ಕೊಡಿ ಎಂದಿದ್ದರು. ಫೈಲಿರುವುದು ಅಪ್ಪನ ಹಳೆಯ ಲ್ಯಾಪ್‌ಟಾಪಿನಲ್ಲಿ. ಅವನು ನನಗೆ ಫೋನ್ ಮಾಡಿದ್ದು ಯಾವಾಗ ಗೊತ್ತೇ? ಶನಿವಾರ.

"ಅಕ್ಕಾ, ಅಪ್ಪನ ಲ್ಯಾಪ್‌ಟಾಪ್ ಸತ್ತೋಯ್ತು."

"ಯಾವಾಗ?"

"ಒಂದು ತಿಂಗಳಾಯ್ತು."

"ಒಂದು ತಿಂಗಳಿಂದ ಹೆಣ ಇಟ್ಕೊಂಡು ಏನ್ ಮಾಡ್ತಿದ್ದೆ, ಅಳ್ತಿದ್ಯಾ?"

ಅಳುತ್ತಿರಲಿಲ್ಲ, ಊರಿಗೆಲ್ಲ ತೋರಿಸುತ್ತಿದ್ದ. ಮೊದಲು ಅವನ ಅಳಿಯ ನೋಡಿದನಂತೆ. ಆಮೇಲೆ ಶಾಲೆಯ ಕಂಪ್ಯೂಟರ್ ಮೇಷ್ಟ್ರು ಬಂದು ಮೂರು ದಿನ ಅಕ್ಕಿಯಲ್ಲಿ ಹೂತಿಡಿ ಎಂದರಂತೆ. ಹೂತಿಟ್ಟರಂತೆ. ಬಿಷ್ಕೆಕ್‌ನಲ್ಲಿ ಯಾವನೋ ರಿಪೇರಿಯವನು ಮುಚ್ಚಳವನ್ನೂ ತೆಗೆಯದೆ, ಗುಂಡಿ ಒತ್ತಿ, ಕಪ್ಪು ಪರದೆ ನೋಡಿ, "ಬೋರ್ಡ್ ಹೋಗಿದೆ, ಎಸೀರಿ" ಎಂದನಂತೆ. ಕೊನೆಗೆ ಎಸೆನನ ಹೆಂಡತಿ ಅರ್ಚಾ ಮರದ ಸೊಪ್ಪು ಸುಟ್ಟು ಅದರ ಸುತ್ತ ಮೂರು ಸಲ ಹೊಗೆ ನಿವಾಳಿಸಿ ದೃಷ್ಟಿ ತೆಗೆದಿದ್ದಾಳೆ! ಹದಿನೈದು ವರ್ಷದಿಂದ ಕರಾಕೋಲ್ ಬಜಾರಿನಲ್ಲಿ ಲ್ಯಾಪ್‌ಟಾಪ್ ರಿಪೇರಿ ಅಂಗಡಿ ಇಟ್ಟು ಹೊಟ್ಟೆ ಹೊರೆಯುವ ಒಡಹುಟ್ಟಿದ ಅಕ್ಕ ಒಂದು ಗಂಟೆಯ ದಾರಿಯಲ್ಲಿದ್ದಾಳೆ ಎಂಬುದು ಹೊಗೆ ಹಾಕಿದ ಮೇಲೆ ನೆನಪಾಯಿತು. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ನಮ್ಮ ಮನೆ ನೋಡಿಯೇ ಹುಟ್ಟಿದ ಗಾದೆ ಇರಬೇಕು.

ಅವನನ್ನು ಬೈದು ಏನು ಫಲ? ಎರಡನೆಯದೂ ಹೆಣ್ಣಾಯಿತು, ಮುಂದಿನದಾದರೂ ಗಂಡಾಗಿ ತಿರುಗಲಿ ಎಂದು ನನಗೆ ಬೂರುಲ್, 'ತಿರುಗು' ಎಂದು ಹೆಸರಿಟ್ಟ ಮನೆ ಅದು. ಹೇಳಿದ ಮಾತು ಕೇಳುವವಳು ನಾನು, ತಿರುಗಿದೆ. ಎಸೆನ್ ಹುಟ್ಟಿದ. ಅದರ ಶಿಕ್ಷೆ ಇವತ್ತಿನವರೆಗೂ ಮುಗಿದಿಲ್ಲ.

ಭಾನುವಾರ ಬೆಳಿಗ್ಗೆ ಹೋದೆ. ಬಾಗಿಲ ಎದುರಿನ ಗೌರವದ ಜಾಗದಲ್ಲಿ ಹಾಸುಗಳ ಮೇಲೆ ಗಂಡಸರು ಸಾಲಾಗಿ ಕುಳಿತಿದ್ದರು. ನಡುವೆ ಶಾರ್ಶೆನ್ ಮುದುಕ, ನಮ್ಮ ಕುಲದ ಹಿರಿಯ. ಒಳಗೂ ಟೋಪಿ ತೆಗೆಯುವುದಿಲ್ಲ, ತೆಗೆದರೆ ಒಳಗೆ ಏನೂ ಇಲ್ಲವೆಂದು ಗೊತ್ತಾಗಿಬಿಡುತ್ತದೆ ಎಂಬ ಭಯ ಅವನಿಗೆ. ಪಕ್ಕದಲ್ಲಿ ಎಸೆನನ ಅಳಿಯ ಕುಬಾತ್, ಮದುವೆಗಳ ವಿಡಿಯೊ ಮಾಡುವವನು. ನಡುವಿನ ಮೇಜಿನ ಮೇಲೆ ಬಿಳಿ ಬಟ್ಟೆ ಹೊದಿಸಿದ ಲ್ಯಾಪ್‌ಟಾಪು. ನಾನು ಬಾಗಿಲ ಬಳಿ, ಹೆಂಗಸರು ಚಹಾ ಸುರಿಯುವ ಕಡೆ ಕುಳಿತೆ.

"ಅತ್ತೆ, ನೀವು ಸುಮ್ನೆ ಬಂದ್ರಿ," ಎಂದ ಕುಬಾತ್. "ಹಾರ್ಡ್‌ವೇರ್ ಪ್ರಾಬ್ಲಮ್ ಇದು. ದೀಪ ಉರಿಯತ್ತೆ, ಫ್ಯಾನ್ ತಿರುಗತ್ತೆ, ಪರದೆ ಮಾತ್ರ ಕಪ್ಪು. ಅಂದ್ರೆ ಬೋರ್ಡ್."

"ನೀನೇನು ಮುಟ್ಟಿದೆ ಇದನ್ನ?"

"ನಾನಾ? ಏನೂ ಮುಟ್ಟಿಲ್ಲ ಅತ್ತೆ."

ಚಹಾ ತಂದ ಅವನ ಹೆಂಡತಿ ಗಂಡನ ಕಡೆ ನೋಡದೆ ಹೇಳಿದಳು, "ಶುರು ಆಗೋಕೆ ಮುಂಚೆ ಒಂದು ಕೀ ಒತ್ತಿ ನೀಲಿ ಪುಟಕ್ಕೆ ಹೋಗಿದ್ರಲ್ಲ. ಇನ್ಮೇಲೆ ಕುದುರೆ ಥರ ಓಡತ್ತೆ ನೋಡು ಅಂದ್ರಿ."

ಗುಂಪಿನಲ್ಲಿ ಗೋವಿಂದ ಎಂದು ನಾಪತ್ತೆಯಾಗುವ ಜಾತಿ ಅವನದು. ಕೆಮ್ಮಿದ. ನನಗೆ ಅಲ್ಲೇ ಅರ್ಥವಾಯಿತು. ಆ ಯಂತ್ರದಲ್ಲಿ ಪರದೆಗೆ ಚಿತ್ರ ಕಳಿಸುವ ಚಿಪ್ ಎರಡಿವೆ, ಒಂದು ದೊಡ್ಡದು, ಒಂದು ಸಣ್ಣದು. ದೊಡ್ಡದು ಬಿಸಿಯಾಗಿ ಏಳು ವರ್ಷದ ಹಿಂದೆಯೇ ಸುಟ್ಟುಹೋಗಿತ್ತು. ಆಗಲೂ ಪರದೆ ಕಪ್ಪಾಗಿತ್ತು. ನಾನೇ ಬಿಚ್ಚಿ ಪರದೆ ಬರಿಸಿ, ಬಯೋಸ್‌ಗೆ, ಅಂದರೆ ಯಂತ್ರ ಪೂರ್ತಿ ಎಚ್ಚರವಾಗುವ ಮೊದಲೇ ಸಿಗುವ ಆ ನೀಲಿ ಪುಟಕ್ಕೆ ಹೋಗಿ, ದೊಡ್ಡದನ್ನು ಮಲಗಿಸಿ, ಸಣ್ಣದರಿಂದ ಸಂಸಾರ ನಡೆಯುವಂತೆ ಮಾಡಿದ್ದೆ. ಈ ಮಹಾಶಯ ಹೋಗಿ 'ದೊಡ್ಡದು' ಎಂದು ಬರೆದಿರುವ ಕಡೆ ಗುರುತು ಹಾಕಿ ಬಂದಿದ್ದಾನೆ. ದೊಡ್ಡದೆಂದರೆ ಕೆಲಸಕ್ಕೆ ಬರುತ್ತದೆ ಎಂದು ನಂಬುವುದು ಆ ಮನೆಯ ಹಳೆಯ ಕಾಯಿಲೆ, ಶಾರ್ಶೆನ್ ಮುದುಕನನ್ನು ನಡುವೆ ಕೂರಿಸಿಕೊಂಡಿರುವುದೂ ಅದಕ್ಕೇ.

ಅವರಿಗೂ ಇದನ್ನೇ ಹೇಳಿದೆ. "ಹಂಗಾದ್ರೆ ವಾಪಸ್ ಬದಲಾಯಿಸು," ಎಂದ ಎಸೆನ್.

"ಪರದೆ ಕಪ್ಪಗಿದ್ರೆ ಎಲ್ಲಿ ನೋಡಿ ಬದಲಾಯಿಸ್ಲಿ? ನಿನ್ನ ಮುಖ ನೋಡ್ಲಾ?"

ಸ್ಕ್ರೂಡ್ರೈವರ್ ತೆಗೆದೆ. ಬ್ಯಾಟರಿ ಕಳಚಿದೆ. ಬೆನ್ನಿನ ಹನ್ನೊಂದು ತಿರುಪು ಬಿಚ್ಚಿ ಊಟದ ಬಟ್ಟೆಯ ಮೇಲೆ ಸಾಲಾಗಿ ಇಟ್ಟೆ. ಒಳಗೆ ಒಂದು ಹಿಡಿ ಧೂಳು, ನಾಲ್ಕು ಅಕ್ಕಿಕಾಳು. ಅಕ್ಕಿಕಾಳನ್ನು ಒಂದೊಂದಾಗಿ ಇಕ್ಕಳದಲ್ಲಿ ಹಿಡಿದು ಎಲ್ಲರಿಗೂ ಕಾಣುವಂತೆ ಕುಬಾತನ ಬಟ್ಟಲಿನ ಪಕ್ಕ ಇಟ್ಟೆ. ನಾಣ್ಯದಷ್ಟು ಅಗಲದ ಸಣ್ಣ ಸೆಲ್ಲೊಂದು ಮೂಲೆಯಲ್ಲಿರುತ್ತದೆ, ಸೆಟ್ಟಿಂಗುಗಳನ್ನೂ ಗಡಿಯಾರವನ್ನೂ ನೆನಪಿಟ್ಟುಕೊಳ್ಳುವುದು ಅದೇ. ಅದರ ತಂತಿ ಬಿಡಿಸಿದೆ. ಉಳಿದ ಕರೆಂಟು ಇಳಿದುಹೋಗಲಿ ಎಂದು ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿದೆ. ಆಮೇಲೆ ಒಂದು ಬಟ್ಟಲು ಚಹಾ ಕುಡಿದೆ.

"ಏನ್ ಮಾಡ್ತಿದ್ದಾಳೆ ಇವಳು?" ಎಂದ ಶಾರ್ಶೆನ್ ಮುದುಕ.

"ಮರೆಸ್ತಿದೀನಿ ಅಜ್ಜಾ. ಅಳಿಯ ಹೇಳಿಕೊಟ್ಟಿದ್ದನ್ನೆಲ್ಲ ಇದು ಮರೀಬೇಕು. ಆಗ ಹುಟ್ಟಿದಾಗ ಇದ್ದ ಬುದ್ಧಿ ವಾಪಸ್ ಬರತ್ತೆ."

"ಮನುಷ್ಯರಿಗೂ ಹಿಂಗೆ ಮಾಡೋಕಾಗತ್ತಾ?" ಎಂದು ಎಸೆನ್ ಹಲ್ಲು ಕಿರಿದ.

"ಆಗತ್ತೆ. ಹುಟ್ಟಿದಾಗ ಬುದ್ಧಿ ಇದ್ದೋರಿಗೆ."

ಸೆಲ್ಲು ಹಾಕಿ, ಬ್ಯಾಟರಿ ಹಾಕಿ, ಗುಂಡಿ ಒತ್ತಿದೆ. ಎರಡು ಸಲ ತಾನಾಗಿಯೇ ಆರಿತು, ಹತ್ತಿತು. ಕುಬಾತ್ ಆಗಲೇ "ನಾನು ಹೇಳ್ಲಿಲ್ವಾ" ಎಂದು ಬಾಯಿ ತೆರೆದಿದ್ದ. ಮೂರನೆಯ ಸಲಕ್ಕೆ ಪರದೆ ಬೆಳಗಿತು. ದಿನಾಂಕ ತಪ್ಪಾಗಿದೆ, ಸರಿಮಾಡಿ ಎಂದು ಅಕ್ಷರ ಮೂಡಿದವು. ಯಂತ್ರ ತಾನಿನ್ನೂ ೨೦೧೧ರ ಜನವರಿ ಒಂದನೆಯ ತಾರೀಖಿನಲ್ಲಿದ್ದೇನೆ ಎಂದುಕೊಂಡಿತ್ತು. ನೀಲಿ ಪುಟಕ್ಕೆ ಹೋಗಿ ತಾರೀಖು ತಿದ್ದಿದೆ, ಸುಟ್ಟ ಚಿಪ್ಪನ್ನು ಮತ್ತೆ ಮಲಗಿಸಿದೆ.

ಪ್ರಾರ್ಥನೆ ಮುಗಿಸಿದವರಂತೆ ಎಲ್ಲರೂ ಎರಡೂ ಅಂಗೈ ಮುಖಕ್ಕೆ ಸವರಿಕೊಂಡರು. "ಎಸೆನನ ಪುಣ್ಯ ದೊಡ್ಡದು," ಎಂದ ಶಾರ್ಶೆನ್. ಎಸೆನನ ಪುಣ್ಯ! ಊಟಕ್ಕೆ ಕುರಿಯ ತಲೆ ಮುದುಕನ ಮುಂದೆ ಬಂತು. ಕಿವಿ ಕೊಯ್ದು ನನ್ನತ್ತ ಚಾಚಿದ. ಹಿರಿಯರ ಮಾತು ಕೇಳಿ ಬೆಳೆಯಲಿ ಎಂದು ಮಕ್ಕಳಿಗೆ ಕೊಡುವ ಕಿವಿ. ನನಗೆ ಐವತ್ತೊಂದು ವರ್ಷ ಅಕ್ಕಾ. ತೆಗೆದುಕೊಂಡು ಹೊಸಿಲಲ್ಲಿದ್ದ ನಾಯಿಗೆ ಹಾಕಿದೆ. ಅದಾದರೂ ಕೇಳಿ ಬೆಳೆಯಲಿ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಅಪ್ಪ ಒಂದೇ ಫೈಲು ನಂಬುವವರಲ್ಲ, ತಿದ್ದಿದಾಗಲೆಲ್ಲ ಹೊಸ ಪ್ರತಿ ಮಾಡಿ ಅಂಕಿ ಹಾಕುತ್ತಿದ್ದರು. ಒಂದರಿಂದ ಮೂವತ್ತೊಂದರವರೆಗೆ ಇತ್ತು. "ಕೊನೇದು ತಗೋ, ಮೂವತ್ತೊಂದು," ಎಂದ ಎಸೆನ್. ತೆರೆದೆ. ಎಡಗಡೆ ಅಪ್ಪಂದಿರು, ಬಲಗಡೆ ಮಕ್ಕಳು, ಸಾಲು ಸಾಲಾಗಿ. ನಮ್ಮಪ್ಪನ ಹೆಸರು ಸಿಕ್ಕಿತು. ಅದರ ಮುಂದೆ ಒಂದೇ ಸಾಲು: ಎಸೆನ್.

ಮೂವತ್ತನೆಯದನ್ನು ತೆರೆದೆ. ಅಲ್ಲಿ ಅಪ್ಪನ ಮುಂದೆ ಮೂರು ಸಾಲು. ಕಲ್‌ಬೂಬು, ತಲಾಸಿಗೆ ಕೊಟ್ಟಿದೆ, ನಾಲ್ವರು ಮಕ್ಕಳು. ಬೂರುಲ್, ಕುಶಲಿ, ಯಂತ್ರಗಳ ವೈದ್ಯೆ. ಎಸೆನ್. ಯಂತ್ರಗಳ ವೈದ್ಯೆ ಎಂದು ಬರೆದಿದ್ದರು ಅಕ್ಕಾ, ಅಪ್ಪ! ಇಡೀ ಪಟ್ಟಿಯಲ್ಲಿ ಕಸುಬಿನ ಹೆಸರಿದ್ದದ್ದು ನನ್ನೊಬ್ಬಳಿಗೇ.

ಮತ್ತೆ ಮೂವತ್ತೊಂದು ನೋಡಿದೆ. ಮೇಲೆ ಎಸೆನನನ್ನು ನೋಡಿದೆ.

"ನಮ್ಮನ್ಯಾಕೋ ಅಳಿಸಿದೆ?"

"ನಾನಾ? ನಾನು ಅಳಿಸಿಲ್ಲ ಅಕ್ಕಾ."

"ಮತ್ತಿನ್ಯಾರು? ಅಪ್ಪ ಗೋರಿಯಿಂದ ಎದ್ದು ಬಂದು ಅಳಿಸಿದ್ರಾ?"

ಅವನು ಶಾರ್ಶೆನ್ ಮುದುಕನ ಕಡೆ ನೋಡಿದ. ಮುದುಕ ಚಹಾದ ಬಟ್ಟಲೊಳಗೆ ಏನೋ ಹುಡುಕುವವನಂತೆ ತಲೆ ತಗ್ಗಿಸಿದ. ಎಸೆನ್ ನೆಲದ ಕಂಬಳಿಯ ಹೂ ಎಣಿಸಿದ. ಆಮೇಲೆ ಸಣ್ಣ ದನಿಯಲ್ಲಿ, "ಆಯ್ತು, ನಾನೇ ಅನ್ಕೋ," ಎಂದ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗೆ. ಇನ್ನು ಸಾಕ್ಷಿ ಏಕೆ ಬೇಕು? ನನ್ನ ಬಾಯಿ ನಿನಗೆ ಗೊತ್ತೇ ಇದೆ. ಮನೆಯೂ ನಿನ್ನದು, ಹೊಲವೂ ನಿನ್ನದು, ಮಂದೆಯೂ ನಿನ್ನದು, ಸತ್ತ ಅಪ್ಪನ ಪುಸ್ತಕದಲ್ಲಿ ಎರಡು ಸಾಲು ನಮಗೆ ಉಳಿದಿದ್ದವು, ಅದನ್ನೂ ನೆಕ್ಕಿಬಿಟ್ಟೆಯಾ ಎಂದೆ. ಅಪ್ಪ ಬದುಕಿದ್ದಿದ್ದರೆ ನಿನ್ನ ಹೆಸರನ್ನೇ ತೆಗೆಯುತ್ತಿದ್ದರು ಎಂದೆ. ಕುಲಕ್ಕೆಲ್ಲ ಬೆನ್ನೆಲುಬಿದ್ದವರು ಅವರೊಬ್ಬರೇ, ನೀವೆಲ್ಲ ಬರೀ ಟೋಪಿಗಳು ಎಂದು ಶಾರ್ಶೆನ್‌ನ ಮುಖಕ್ಕೇ ಹೇಳಿದೆ. ಎಸೆನ್ ಒಂದಕ್ಕೂ ತಿರುಗಿ ಆಡಲಿಲ್ಲ. ಹೇಡಿಗೆ ಮಾತೆಲ್ಲಿಂದ ಬರಬೇಕು?

ಅವರ ಕಣ್ಣೆದುರಿಗೇ ಮೂವತ್ತೊಂದರಲ್ಲಿ ನಮ್ಮ ಎರಡು ಸಾಲನ್ನು ಅಪ್ಪ ಬರೆದಿದ್ದ ಹಾಗೆಯೇ ವಾಪಸ್ ಕೂರಿಸಿದೆ. ಪೆನ್‌ಡ್ರೈವಿಗೆ ಹಾಕಿಕೊಂಡೆ. ಸೋಮವಾರ ಬೆಳಿಗ್ಗೆ ನಾನೇ ಅಚ್ಚಿನ ಮನೆಗೆ ಕೊಟ್ಟು, ಇನ್ಯಾರು ಬಂದು ತಿದ್ದು ಎಂದರೂ ತಿದ್ದಕೂಡದು ಎಂದು ಹೇಳಿ ಬಂದಿದ್ದೇನೆ. ಲ್ಯಾಪ್‌ಟಾಪನ್ನೂ ಎತ್ತಿಕೊಂಡು ಬಂದೆ. ಆ ಸಣ್ಣ ಸೆಲ್ಲಿನ ಶಕ್ತಿ ಕುಂದಿದೆ, ಬದಲಾಯಿಸಬೇಕು ಎಂಬುದು ನೆಪ. ಆ ಮನೆಯಲ್ಲಿ ಅದನ್ನು ಬಿಡಲು ಮನಸ್ಸಾಗಲಿಲ್ಲ.

ಆದ್ದರಿಂದ ಅಕ್ಕಾ, ನೆಮ್ಮದಿಯಿಂದಿರು. ನಮ್ಮ ಹೆಸರು ಇದೆ. ಅಪ್ಪ ಕೊಟ್ಟ ಮಾತು ಉಳಿಸಿಕೊಂಡಿದ್ದರು. ಆಶ್‌ಗೆ ಖಂಡಿತ ಬಾ, ನೀಲಿ ಶಾಲು ಹೊದ್ದು ಬಾ, ಆ ಪುಟ ತೆರೆದು ಇಬ್ಬರೂ ಒಟ್ಟಿಗೆ ಓದೋಣ. ಭಾವನಿಗೆ ಸಲಾಮು. ನಿನ್ನ ಮಕ್ಕಳು ಮೊಮ್ಮಕ್ಕಳ ಒಲೆ ಆರದಿರಲಿ, ಮಂದೆ ಹೆಚ್ಚಲಿ, ನಿನ್ನ ಮಂಡಿಗೆ ನನ್ನ ಮಂಡಿಯ ಗತಿ ಬಾರದಿರಲಿ.

ನಿನ್ನ ತಂಗಿ,
ಬೂರುಲ್

ತಾ.ಕ.: ಬುಧವಾರ ಬೆಳಿಗ್ಗೆ ಬರೆಯುತ್ತಿದ್ದೇನೆ. ಲಕೋಟೆ ಅಂಟಿಸುವ ಮೊದಲು ಅಂಗಡಿಯಲ್ಲಿ ಹೊಸ ಸೆಲ್ಲು ಹಾಕಿದೆ. ಹಳೆಯ ಪ್ರತಿಗಳನ್ನು ಬೇರೆ ಕಡೆ ಇಟ್ಟುಕೊಳ್ಳೋಣವೆಂದು ತಾರೀಖಿನೊಂದಿಗೆ ಪಟ್ಟಿ ತೆಗೆದೆ. ನಾನು ಮುಟ್ಟಿದ್ದರಿಂದ ಮೂವತ್ತೊಂದರ ತಾರೀಖು ಈ ಭಾನುವಾರದ್ದಾಗಿತ್ತು, ಆದರೆ ಅದು ಹುಟ್ಟಿದ ದಿನ ಪಕ್ಕದಲ್ಲೇ ಇತ್ತು: ೨೦೧೬, ನವೆಂಬರ್ ೬. ಎಸೆನ್ ಆಗ ರಷ್ಯಾದಲ್ಲಿ ಕೂಲಿಗಿದ್ದ. ಅಪ್ಪ ಇನ್ನೂ ಆರು ವರ್ಷ ಬದುಕಿದ್ದರು. ಮುಚ್ಚಳ ತೆಗೆಯದೆ ಬೋರ್ಡ್ ಹೋಗಿದೆ ಎಂದವನನ್ನು ಅಷ್ಟು ಹೀಯಾಳಿಸಿದೆ, ತಾರೀಖು ನೋಡದೆ ತಮ್ಮನನ್ನು ಕಳ್ಳ ಎಂದವಳು ನಾನು. ಅವನಿಗೆ ಗೊತ್ತಿತ್ತು. ನನಗೆ ಗೊತ್ತಾಗಬಾರದು ಎಂದು ಬೈಸಿಕೊಂಡ.

ಆಗ ಗಡಿಯಾರ ತಪ್ಪಿದ್ದಿರಬಹುದು ಎಂದು ಆಸೆಪಟ್ಟೆ ಅಕ್ಕಾ. ತಪ್ಪಿರಲಿಲ್ಲ. ಅವತ್ತೇ ನಾನು ಪರದೆ ಸರಿಮಾಡಿ, ಗಡಿಯಾರವನ್ನೂ ನನ್ನ ಕೈಯಾರೆ ಸರಿಮಾಡಿದ್ದೆ. ನಾನು ಅಪ್ಪನ ಮನೆಯೊಳಗೆ ಹೋಗುವಾಗ ಶಾರ್ಶೆನ್ ಇನ್ನೂ ಮೂವರೊಂದಿಗೆ ಹೊರಗೆ ಬರುತ್ತಿದ್ದ, ನನ್ನ ಸಲಾಮಿಗೆ ಉತ್ತರವನ್ನೂ ಕೊಡಲಿಲ್ಲ. ಅವರೆಲ್ಲರನ್ನೂ ಹಳಿಯಬಲ್ಲೆ. ಅಪ್ಪನನ್ನು ಹಳಿಯಲು ಬಾಯಿ ಬರುತ್ತಿಲ್ಲ, ಕ್ಷಮಿಸಲೂ ಬರುತ್ತಿಲ್ಲ. ಆ ಎರಡು ಸಾಲು ತೆಗೆಯಿರಿ ಎನ್ನಲು ಅಚ್ಚಿನ ಮನೆಗೆ ಫೋನ್ ಮಾಡಲು ಕೈ ಹೋಗಿತ್ತು, ಮಾಡಲಿಲ್ಲ. ನಮ್ಮ ಹೆಸರು ಇರಲಿ.

ಅವತ್ತು ಕೆಲಸ ಮುಗಿಸಿ ಚಹಾ ಕುಡಿಯುತ್ತಿದ್ದೆ. ಅಪ್ಪ ಕನ್ನಡಕ ಒರೆಸಿಕೊಳ್ಳುತ್ತ, ನನ್ನ ಮುಖ ನೋಡದೆ ಕೇಳಿದ್ದರು, "ಬೂರುಲ್, ಮಗಳೇ, ಇದ್ರಲ್ಲಿ ಒಂದು ಸಾಲು ತೆಗೆದ್ರೆ ಆ ಜಾಗ ಖಾಲಿ ಕಾಣತ್ತಾ?" ನಾನು ನಕ್ಕೆ. ಅವರ ಬೆರಳು ಹಿಡಿದು ಯಾವ ಕೀ ಎಂದು ತೋರಿಸಿಕೊಟ್ಟೆ. "ಇಲ್ಲಪ್ಪ, ಕೆಳಗಿನವರು ತಾವಾಗೇ ಮೇಲೆ ಬರ್ತಾರೆ," ಎಂದೆ. "ಅಲ್ಲಿ ಒಬ್ರು ಇದ್ರು ಅಂತ ಯಾರಿಗೂ ಗೊತ್ತಾಗಲ್ಲ."